ಗಂಟೆ ಬಡಿಯುವ ಮೇಜು

ಚಿತ್ರದುರ್ಗ, ೧೪ ಮಾರ್ಚಿ ೧೯೧೨, ಗುರುವಾರ

ಅಪ್ಪನ ಗುಂಡಿನಾಟದ ಮೇಜನ್ನು ಒಡೆದು ದನಗಳಿಗೆ ಗೋದಲಿ ಮಾಡಿಸಬೇಕೆಂದು ಭಾವ ಸಿದ್ಧವೀರಪ್ಪನವರು ಇವತ್ತೂ ಅಂದರು. ಮೇಜಿನ ಮೇಲೆ ಉರುಳಿಸಿದ ಗುಂಡು ಅದರ ಕುಳಿಗೆ ಬಿದ್ದಾಗ ಒಳಗಿನ ಗಂಟೆ ಬಡಿಯಬೇಕು. ಅಪ್ಪ ತೀರಿಕೊಂಡು ಮೇಜು ನನ್ನ ಗಂಡನ ಮನೆಗೆ ಬಂದಾಗಿನಿಂದ ಅದು ಬಡಿದೇ ಇಲ್ಲ.

ಭಾವ ಮಂಡಿಗೆ ಹೋದ ಮೇಲೆ ಮೇಜಿನ ಅಡಿಯ ಹಲಗೆ ಬಿಚ್ಚಿದೆ. ಒಳಗಿದ್ದ ಬ್ಯಾಟರಿಯ ತಂತಿಯನ್ನು ನೇರವಾಗಿ ಗಂಟೆಗೆ ಮುಟ್ಟಿಸಿದರೆ ಬಡಿಯಿತು. ಹಾಗಾದರೆ ಕೆಟ್ಟಿರುವುದು ಕುಳಿಯ ಕೆಳಗಿನ ಸ್ವಿಚ್ಚು. ಗುಂಡಿನ ಭಾರಕ್ಕೆ ಒಂದನ್ನೊಂದು ಮುಟ್ಟಬೇಕಾದ ಎರಡು ತಾಮ್ರದ ಪಟ್ಟಿಗಳು ಕಿಲುಬು ಹಿಡಿದು ದೂರ ಸರಿದಿದ್ದವು. ಹುಣಸೆಹಣ್ಣು ಹಾಕಿ ತಿಕ್ಕಿ, ಒರೆಸಿ, ಬಗ್ಗಿಸಿ ಹತ್ತಿರ ತಂದೆ. ಗುಂಡು ಬಿಟ್ಟೆ. ಅಪ್ಪನ ಪಡಸಾಲೆಯಲ್ಲಿ ಕೇಳುತ್ತಿದ್ದ ಅದೇ ಸದ್ದು. ಅಳು ಬಂತು, ಅಳಲಿಲ್ಲ.

ತಿರುಗಿದರೆ ಭಾವ ಬಾಗಿಲಲ್ಲಿದ್ದರು. “ಹೆಂಗಸರಿಗೆ ಯಾಕಮ್ಮ ಈ ತಂತಿ ಕೆಲ್ಸ? ನಾಳೆ ಬಡಗಿ ಬರ್ತಾನೆ, ಒಡೆಸೋದೇ.”

“ಬರ್ಲಿ ಬಿಡ್ರಿ. ಒಂದು ಕಾಲು ಸಡ್ಲ ಆಗೈತೆ, ಬಿಗಿ ಮಾಡಿ ಹೋಗ್ಲಿ,” ಅಂದೆ.

ಅತ್ತೆ ಹಾಲಮ್ಮ ಅಡುಗೆಮನೆಯಿಂದ ಬಂದು, ಮಗನ ಮುಖ ನೋಡದೆ, ಒಂದು ಗುಂಡು ಉರುಳಿಸಿದರು. ಗಂಟೆ ಬಡಿಯಿತು. “ಇನ್ನೊಂದು ಕೊಡೇ,” ಅಂದರು.

ನಾಳೆ ಕೊಡಲಿ ಎತ್ತುವವನು ಮೊದಲು ನನ್ನನ್ನು ಆಚೆ ಸರಿಸಬೇಕು, ಆಮೇಲೆ ಅತ್ತೆಯನ್ನು, ಆಮೇಲೆ… ಗಂಟೆ ಬಡಿಯಿತು, ಅತ್ತೆ ಮತ್ತೆ ಆಟಕ್ಕೆ ಕರೆಯುತ್ತಿದ್ದಾರೆ.