ಮೆತ್ತಿದ ಬಾಗಿಲಿನ ಮೂವತ್ತೊಂದು ಮನೆಗಳು

ಸಿಂದಗಿ
9 ಮಾರ್ಚ್ 1976

ಪಟ್ಟಣ ಸುಧಾರಣೆಯ ವಿಶೇಷಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಕಚೇರಿಯ ಗೋಡೆಯ ಮೇಲಿರುವ ಸಿಂದಗಿಯ ನಕಾಶೆ ತಪ್ಪು. ಅದನ್ನು ಬರೆದವನು ನಾನೇ. ಆ ನಕಾಶೆಯನ್ನು ನಂಬಿ ತಾವು ಇದೇ ತಿಂಗಳ ಹದಿನೈದರ ಬೆಳಿಗ್ಗೆ ಕಂಬಳಿ ಓಣಿಯ ಮೂವತ್ತೊಂದು ಮನೆಗಳನ್ನು ಕೆಡವಲು ಹೊರಟಿದ್ದೀರಿ. ನಾನು ಬೂದು ಬಣ್ಣ ತುಂಬಿ ‘ಪಾಳು’ ಎಂದು ಬರೆದ ಆ ಮನೆಗಳು ಪಾಳು ಬಿದ್ದಿಲ್ಲ. ಅವುಗಳಿಗೆ ಜನರಿದ್ದಾರೆ. ಈಗ ಊರಲ್ಲಿಲ್ಲ, ಅಷ್ಟೇ. ಯುಗಾದಿಗೆ ಬರುತ್ತಾರೆ. ಯುಗಾದಿಗೆ ಇನ್ನು ಮೂರು ವಾರ ಉಂಟು, ನಿಮ್ಮ ಹದಿನೈದನೇ ತಾರೀಖಿಗೆ ಆರೇ ದಿನ.

ಇಷ್ಟು ಬರೆಯುವಷ್ಟರಲ್ಲಿ ನನ್ನ ಕೈ ಎರಡು ಸಲ ನಿಂತಿತು. ಸುಳ್ಳು ಹೇಳುವುದಿಲ್ಲ, ನನಗೆ ಹೆದರಿಕೆಯಾಗಿದೆ. ಬಹಿರಂಗ ಪತ್ರ ಬರೆಯುವವರು ಎದೆ ಸೆಟೆಸಿ ಬರೆಯುತ್ತಾರೆಂದು ಕೇಳಿದ್ದೇನೆ. ನಾನು ಬಾಗಿಲಿಗೆ ಅಗಳಿ ಹಾಕಿಕೊಂಡು, ಓಣಿಯಲ್ಲಿ ಸೈಕಲ್ ಗಂಟೆ ಆದಾಗಲೆಲ್ಲ ಹಾಳೆಯನ್ನು ಚಾಪೆಯ ಕೆಳಗೆ ಸರಿಸುತ್ತ ಬರೆಯುತ್ತಿದ್ದೇನೆ. ವಾರಪತ್ರಿಕೆಯೊಂದರ ಸಂಪಾದಕರು ಇದರ ಮೊದಲ ಕರಡನ್ನು ಎರಡು ಸಾಲು ಓದಿ, ಮಡಚಿ ನನ್ನ ಜೇಬಿಗೇ ಇಟ್ಟರು. “ಈ ದಿವಸದಾಗ ಇಂಥಾದ್ದು ಯಾರ ಛಾಪಸ್ತಾರ್ರಿ? ನಿಮಗೂ ಹೆಂಡ್ರು ಮಕ್ಕಳು ಆಗೂದೈತಿ, ಸುಮ್ನ ಮನಿಗೆ ನಡೀರಿ” ಎಂದರು. ಆದ್ದರಿಂದ ಕಾರ್ಬನ್ ಹಾಳೆ ಇಟ್ಟು ನಾನೇ ಪ್ರತಿ ಮಾಡುತ್ತಿದ್ದೇನೆ. ಬಸ್ ಸ್ಟ್ಯಾಂಡಿನ ಕಂಬ, ವಾಚನಾಲಯದ ಬಾಗಿಲು, ಮಾರುಕಟ್ಟೆಯ ಗೇಟು, ಇವೇ ನನ್ನ ಪತ್ರಿಕೆ.

ನಾನಾರೆಂದು ತಮಗೆ ಗೊತ್ತು, ಓದುವ ಉಳಿದವರಿಗೆ ಹೇಳಬೇಕಲ್ಲ. ವಿಶ್ವವಿದ್ಯಾಲಯದಲ್ಲಿ ಭೂಗೋಳದ ಎಂ.ಎ. ಓದುತ್ತಿದ್ದೇನೆ. ಭೂಗೋಳವೆಂದರೆ ನದಿ ಎಲ್ಲಿ ಹುಟ್ಟಿತು, ಬೆಟ್ಟ ಎಷ್ಟು ಎತ್ತರ ಎಂದು ಬಾಯಿಪಾಠ ಮಾಡುವುದೆಂದೇ ನಮ್ಮೂರಲ್ಲಿ ತಿಳಿದಿದ್ದಾರೆ. ನನ್ನದು ಬೇರೆ. ಮನುಷ್ಯರು ಎಲ್ಲಿ ಇರುತ್ತಾರೆ, ಏಕೆ ಅಲ್ಲೇ ಇರುತ್ತಾರೆ, ಊರು ಯಾವ ದಿಕ್ಕಿಗೆ ಬೆಳೆಯುತ್ತದೆ, ಯಾವ ಕಡೆಯಿಂದ ಸಾಯುತ್ತದೆ ಎಂಬುದು ನನ್ನ ವಿಷಯ. ಪಟ್ಟಣವೆಂದರೆ ಉಳ್ಳಾಗಡ್ಡಿಯಂತೆ ಪದರ ಪದರ ಎಂದು ನಮ್ಮ ಪ್ರಾಧ್ಯಾಪಕರು ಹೇಳಿದ ದಿನ ನಾನು ಖುಷಿಯಲ್ಲಿ ಊಟ ಬಿಟ್ಟಿದ್ದೆ. ಹುಟ್ಟಿದಾಗಿನಿಂದ ಓಡಾಡಿದ ಊರಿಗೂ ಒಂದು ಶಾಸ್ತ್ರವಿದೆಯಲ್ಲ ಎಂದು! ಪ್ರಬಂಧಕ್ಕೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಎಂಬ ನಾಲ್ಕು ತಾಲೂಕು ಪಟ್ಟಣಗಳನ್ನು ಆರಿಸಿಕೊಂಡೆ. ಮನೆ ಮನೆ ತಿರುಗಿ ಎಣಿಸಿದೆ. ವಾಸದ ಮನೆಗೆ ಹಳದಿ, ಅಂಗಡಿಗೆ ಕೆಂಪು, ಪಾಳು ಮನೆಗೆ ಬೂದು. ವಾಸದ ಮನೆ ಯಾವುದು ಎಂಬುದಕ್ಕೆ ನಕಾಶೆಯ ಕೆಳಗೆ ವ್ಯಾಖ್ಯೆಯನ್ನೂ ಬರೆದೆ: ‘ಎಣಿಕೆಯ ಹಿಂದಿನ ರಾತ್ರಿ ಒಬ್ಬರಾದರೂ ಮಲಗಿದ್ದ ಮನೆ.’ ದಯವಿಟ್ಟು ಈ ವಾಕ್ಯವನ್ನು ನೆನಪಿಡಿ.

ಕಂಬಳಿ ಓಣಿಗೆ ನಾನು ಹೋದದ್ದು ಡಿಸೆಂಬರಿನಲ್ಲಿ, ರಜೆಯಲ್ಲಿ. ನಮ್ಮ ಮನೆಯಿಂದ ಮೂರು ಓಣಿ ಆಚೆ. ಅಷ್ಟು ಹತ್ತಿರವಿದ್ದರೂ ಅದಕ್ಕೆ ಮೊದಲು ಎಂದೂ ಅದರೊಳಗೆ ಕಾಲಿಟ್ಟಿರಲಿಲ್ಲ, ಅದು ಕುರಿಗಾರರ ಓಣಿ, ನಾವು ಮಾಸ್ತರ ಮನೆಯವರು. ಹೋಗಿ ನೋಡಿದರೆ ಸಾಲಾಗಿ ಮೂವತ್ತೊಂದು ಮನೆಗಳ ಬಾಗಿಲಿಗೆ ಕಲ್ಲು ಒಟ್ಟಿ, ಮೇಲೆ ಮಣ್ಣು ಮೆತ್ತಿ, ಜಾಲಿಮುಳ್ಳು ಬಡಿದಿತ್ತು. ಪಕ್ಕದ ಓಣಿಯವನೊಬ್ಬನನ್ನು ಕೇಳಿದೆ, “ಈ ಮನಿಗಳೊಳಗ ಯಾರೂ ಇಲ್ಲೇನ್ರಿ?” ಅವನು “ಯಾರೂ ಇಲ್ರಿ” ಎಂದ. ಪಾಪ, ನಿಜವನ್ನೇ ಹೇಳಿದ. ಯಾವಾಗ ಬರುತ್ತಾರೆ ಎಂದು ನಾನು ಕೇಳಲಿಲ್ಲ. ನನ್ನ ಪ್ರಶ್ನಾವಳಿಯಲ್ಲಿ ನಲವತ್ತೆರಡು ಪ್ರಶ್ನೆಗಳಿದ್ದವು, ಅದೊಂದು ಇರಲಿಲ್ಲ.

ಬೂದು ಬಣ್ಣ ಅಲ್ಲೇ ಮುಗಿಯಿತು, ಇನ್ನೊಂದು ಡಬ್ಬಿ ತರಿಸಬೇಕಾಯಿತು. ಆಮೇಲೆ ನನ್ನ ಜಾಣತನ ಕೇಳಬೇಕೆ? ಬಸ್ ಸ್ಟ್ಯಾಂಡಿನ ಬೆನ್ನಿಗೇ ಇಷ್ಟು ಪಾಳು ಮನೆಗಳೇಕೆ ಎಂದು ಹನ್ನೊಂದು ಪುಟದ ಒಂದು ಅಧ್ಯಾಯ ಬರೆದೆ. ‘ಪಟ್ಟಣದ ಕ್ಷೀಣ ವಲಯ’ ಎಂದು ಅದಕ್ಕೆ ಹೆಸರು. ಪ್ರಾಧ್ಯಾಪಕರು ಭೇಷ್ ಎಂದರು. ಜನವರಿಯಲ್ಲಿ ತಾವು ಕರೆಸಿ ಕುರ್ಚಿ ಕೊಟ್ಟಿರಿ, ಚಹ ಕೊಟ್ಟಿರಿ, ನಕಾಶೆಯ ಒಂದು ಪ್ರತಿ ಕೇಳಿದಿರಿ. ನಾನು ರಾತ್ರಿ ನಿದ್ದೆಗೆಟ್ಟು ಇನ್ನೊಂದನ್ನು ಬರೆದು, ನಾಲ್ಕೂ ಊರಿನ ಹಾಳೆಗಳನ್ನು ಹೊತ್ತು ತಂದೆ. ‘ಮಾತು ಕಡಿಮೆ, ದುಡಿಮೆ ಹೆಚ್ಚು’ ಎಂಬ ಫಲಕದ ಪಕ್ಕದಲ್ಲಿ ಸಿಂದಗಿಯದನ್ನು ತೂಗುಹಾಕಿಸಿದಿರಿ. ಬಲಮೂಲೆಯಲ್ಲಿ ನನ್ನ ಹೆಸರು. ಅಪ್ಪ ಆ ವಾರವೆಲ್ಲ ಸಿಕ್ಕವರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗಿದರು.

ಫೆಬ್ರವರಿ ಇಪ್ಪತ್ತೆಂಟರ ಬೆಳಿಗ್ಗೆ ಆ ಬಾಗಿಲುಗಳ ಮೇಲೆ ನಿಮ್ಮ ನೋಟೀಸು ನೋಡಿದೆ. ಪಾಳು ಬಿದ್ದ ಜಾಗವನ್ನು ಬಸ್ ಸ್ಟ್ಯಾಂಡಿಗೆ ಸೇರಿಸಿಕೊಳ್ಳುವುದಾಗಿಯೂ ಆಕ್ಷೇಪಣೆ ಇದ್ದವರು ಹದಿನೈದು ದಿನದೊಳಗೆ ಖುದ್ದಾಗಿ ಹಾಜರಾಗತಕ್ಕದ್ದೆಂದೂ ಬರೆದಿತ್ತು. ನನಗೆ ಏನನ್ನಿಸಿತೆಂದು ಹೇಳಲೇ? ಹೆಮ್ಮೆ ಅನ್ನಿಸಿತು. ನನ್ನ ವಿದ್ಯೆಗೂ ಒಂದು ಕೆಲಸ ಸಿಕ್ಕಿತಲ್ಲ ಎಂದುಕೊಂಡು ಆಲಮೇಲದ ಬಸ್ಸು ಹತ್ತಿದೆ. ಭೀಮಾ ದಂಡೆಯ ಕಬ್ಬಿನ ಹೊಲಗಳ ಕಡೆಗೆ ಜನ ಹೇಗೆ ಸರಿಯುತ್ತಿದ್ದಾರೆ ಎಂದು ನೋಡುವುದಿತ್ತು.

ಆಲಮೇಲದ ಹೊರಗೆ ಜೋಳ ಕೊಯ್ದ ಹೊಲದಲ್ಲಿ ಕುರಿಗಾರರು ಮಂದೆಯನ್ನು ತರುಬಿ, ಸುತ್ತ ಬಲೆ ಕಟ್ಟಿದ್ದರು. ಬಲೆಯ ಪಕ್ಕದಲ್ಲಿ ಕೂತಿದ್ದ ಮುದುಕಿ ನನ್ನನ್ನು ನೋಡಿ ಎದ್ದು ಬಂದಳು. ಹುಚ್ಚವ್ವ ಎಂದು ಹೆಸರು. ನಮ್ಮ ಮನೆಗೆ ಕಂಬಳಿ ಕೊಡುತ್ತಿದ್ದವಳಂತೆ, ನನಗೆ ಗುರುತಿರಲಿಲ್ಲ, ಅವಳಿಗಿತ್ತು.

“ನೀ ಪಾಂಡುರಂಗ ಮಾಸ್ತರ ಮಗಾ ಅಲ್ಲೇನಪಾ? ಊರಿಂದ ಬಂದ್ಯೇನು? ನಮ್ಮ ಬಾಗ್ಲಾ ಮೆತ್ತಿದ್ದು ಗಟ್ಟಿ ಐತೇನು? ನಾಯಿ ಗೀಯಿ ಕೆದರ್ಯಾವೇನು?”

ನನಗೆ ಅರ್ಥವಾಗಲಿಲ್ಲ. ಯಾವ ಬಾಗಿಲು ಎಂದೆ.

“ಅಯ್ಯ! ಕಂಬಳಿ ಓಣ್ಯಾಗಿಂದು. ದಸರಿ ಮುಗದ ಮ್ಯಾಲ ಮಂದಿ ಮಕ್ಕಳು ಎಲ್ಲಾ ಕುರಿ ಹಿಂದ ಹೊಂಡ್ತೇವಲ್ಲ, ಹೋಗೂಮುಂದ ಬಾಗ್ಲಾ ಮೆತ್ತಿ ಹೋಗೂದು. ಯುಗಾದಿಗೆ ಬಂದು ಒಡಿಯೂದು. ಮಗ್ಗಾ ಒಳಗ ಐತಿ, ಕಾಳು ಒಳಗ ಅದಾವ, ದೇವ್ರು ಒಳಗ ಅದಾನ. ಇಕಿ ನೋಡು, ನನ್ನ ಸೊಸಿ ಶೇವಂತೆವ್ವ. ದಿನಾ ತುಂಬಾಕ ಬಂದಾವ. ಯುಗಾದಿ ಆದಕೂಡ್ಲೆ ಹಡೀತಾಳ. ಬಾಣಂತನಾ ನಮ್ಮ ಮನ್ಯಾಗನ ಆಗಬೇಕು, ಬಯಲಾಗ ಬ್ಯಾಡ ಅಂತ ಲಗೂ ಬರಾಕತ್ತೇವಿ.”

ಸಾಹೇಬರೇ, ಬೆಳಿಗ್ಗೆ ನಾನು ಹೆಮ್ಮೆಪಟ್ಟ ನೋಟೀಸು ಅಂಟಿದ್ದು ಇವಳ ಬಾಗಿಲಿಗೇ. ನೋಟೀಸಿನ ಮಾತು ಬಾಯಿ ತನಕ ಬಂತು. ಶೇವಂತೆವ್ವ ಸೊಂಟಕ್ಕೆ ಕೈಕೊಟ್ಟು ನಿಂತು ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ಹೇಳಿದ್ದೇನು ಗೊತ್ತೆ? “ಗಟ್ಟಿ ಅದ ಅವ್ವಾ, ಏನೂ ಆಗಿಲ್ಲ” ಎಂದೆ. ಅವಳು ಒಂದು ಚರಿಗೆ ಹಾಲು ಕೊಟ್ಟಳು. ಅದನ್ನು ಕುಡಿದೂ ಬಂದೆ. ಇದಕ್ಕಿಂತ ಹೇಡಿತನ ನಾನು ಯಾವತ್ತೂ ಮಾಡಿಲ್ಲ.

ಮನೆಗೆ ಬಂದು ಅವ್ವನ ಮುಂದೆ ಹೇಳಿದೆ. ಅವ್ವ, ರುಕ್ಮಿಣೀಬಾಯಿ, ನಾಲ್ಕನೆಯ ಇಯತ್ತೆ ಓದಿದವಳು. ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. “ವರ್ಷಾ ಮೆತ್ತಿ ಹೋಗ್ತಾರಲ್ಲೋ! ಇಷ್ಟೂ ತಿಳೀಲಿಲ್ಲೇನು ನಿನಗ? ನನ್ನ ಕೇಳಿದ್ರ ನಾನ ಹೇಳ್ತಿದ್ದೆ” ಎಂದಳು. ಎರಡು ವರ್ಷ ನಾನು ಓದಿದ್ದಕ್ಕೆ ಇದು ಉತ್ತರ.

ಮಾರ್ಚ್ ಎರಡಕ್ಕೆ ತಮ್ಮ ಕಚೇರಿಗೆ ಬಂದೆ. ನಕಾಶೆ ತಪ್ಪಾಗಿದೆ, ತಿದ್ದಿಕೊಡುತ್ತೇನೆ ಎಂದೆ. ತಾವು ಗದರಲಿಲ್ಲ, ಗದರಿದ್ದರೆ ಚೆನ್ನಾಗಿತ್ತು. ನಗುನಗುತ್ತ ಎದ್ದು ನಕಾಶೆಯ ಹತ್ತಿರ ಹೋಗಿ ನನ್ನದೇ ವ್ಯಾಖ್ಯೆಯನ್ನು ಓದಿ ತೋರಿಸಿದಿರಿ. “ಹಿಂದಿನ ರಾತ್ರಿ ಯಾರಾದರೂ ಮಲಗಿದ್ದರೇ? ಇಲ್ಲ. ಹಾಗಾದರೆ ಪಾಳು. ಇದು ವೈಜ್ಞಾನಿಕ. ಇದರ ಮೇಲೆ ಮಂಜೂರಾತಿ ಬಂದಿದೆ” ಎಂದಿರಿ. ಊರಿನ ಮನೆಪಟ್ಟಿಯಲ್ಲಿ ಅವರೆಲ್ಲರ ಹೆಸರಿದೆಯಲ್ಲ ಎಂದೆ. ಪಟ್ಟಿ ಹಳೆಯದು, ನಕಾಶೆ ಹೊಸದು ಎಂದಿರಿ. ಆಮೇಲೆ, ನಕಾಶೆ ತಪ್ಪಾದರೆ ಪ್ರಬಂಧವೂ ತಪ್ಪಲ್ಲವೇ, ಮುಂದಿನ ತಿಂಗಳು ಮೌಖಿಕ ಪರೀಕ್ಷೆ ಇದೆಯಂತಲ್ಲವೇ ಎಂದು ಕೇಳಿದಿರಿ. ಪರೀಕ್ಷೆಯ ವಿಷಯ ನಾನು ತಮಗೆ ಹೇಳಿರಲಿಲ್ಲ. ಕೊನೆಗೆ ಅಪ್ಪನ ಹೆಸರು, ಮನೆಯ ಗುರುತು ಕೇಳಿ ಸಣ್ಣ ಡೈರಿಯಲ್ಲಿ ಬರೆದುಕೊಂಡಿರಿ. ಒಬ್ಬರು, ಯಾರೆಂದು ಹೇಳುವುದಿಲ್ಲ, ಮೆಟ್ಟಿಲ ತನಕ ಬಂದು ಪಿಸುಗುಟ್ಟಿದರು, “ಸಾಹೇಬ್ರು ಹೆಸರ ಬರಕೊಂಡ್ರು ಅಂದ್ರ ಸುಮ್ನ ಅಲ್ರಿ. ಇನ್ನ ಈ ಕಡೆ ಬರಬ್ಯಾಡ್ರಿ.”

ಅವತ್ತಿನಿಂದ ನಾನು ಹೊಟ್ಟೆತುಂಬ ಉಂಡಿಲ್ಲ. ಹೋದ ದೀಪಾವಳಿಯಲ್ಲಿ ಇಂಡಿಯ ಮಾಸ್ತರರೊಬ್ಬರನ್ನು ಪೊಲೀಸರು ಬಸ್ಸಿನಿಂದ ಇಳಿಸಿಕೊಂಡು ಹೋದರು. ಇನ್ನೂ ಬಂದಿಲ್ಲ, ಅವರ ಹೆಸರನ್ನು ಈಗ ಚಹದಂಗಡಿಯಲ್ಲೂ ಯಾರೂ ಎತ್ತುವುದಿಲ್ಲ. ನಾಲ್ಕನೆಯ ತಾರೀಖು ಮತ್ತೆ ಆಲಮೇಲಕ್ಕೆ ಓಡಿದೆ, ಹುಚ್ಚವ್ವನಿಗೆ ನಿಜ ಹೇಳಬೇಕೆಂದು. ಹೊಲದಲ್ಲಿ ಹಿಕ್ಕೆ ಬಿಟ್ಟರೆ ಏನೂ ಇರಲಿಲ್ಲ. ಮಂದೆ ನದಿ ದಾಟಿತೋ, ಝಳಕಿಯ ಕಡೆ ಹೋಯಿತೋ ಯಾರಿಗೂ ಗೊತ್ತಿಲ್ಲ. ಖುದ್ದಾಗಿ ಹಾಜರಾಗತಕ್ಕದ್ದು ಎಂದಿರಲ್ಲ, ಯಾರು ಹಾಜರಾಗಬೇಕು? ಮೆತ್ತಿದ ಬಾಗಿಲೇ? ಓದುಬರಹ ಬಾರದವರ ಬಾಗಿಲಿಗೆ, ಅವರಿಲ್ಲದ ಹೊತ್ತಿನಲ್ಲಿ, ಆಕ್ಷೇಪಣೆ ಕೇಳುವ ನೋಟೀಸು ಅಂಟಿಸಿದ ತಮ್ಮ ನ್ಯಾಯಬುದ್ಧಿಗೆ ಏನೆನ್ನಲಿ? ಸೂಟಿಯಲ್ಲಿ ತಾವು ಊರಿಗೆ ಹೋದಾಗ ಸರ್ಕಾರಿ ಬಂಗಲೆಗೆ ಬೀಗ ಬೀಳುತ್ತದೆ. ಅವತ್ತು ನಾನು ಎಣಿಕೆಗೆ ಬಂದಿದ್ದರೆ ಅದಕ್ಕೂ ಬೂದು ಬಣ್ಣವೇ ಬೀಳುತ್ತಿತ್ತು. ಆಗಲೂ ಅದನ್ನು ವೈಜ್ಞಾನಿಕ ಎನ್ನುತ್ತಿದ್ದಿರೇ? ಇನ್ನೂ ಒಂದು ಹೆದರಿಕೆ ನನ್ನನ್ನು ಕೊರೆಯುತ್ತಿದೆ. ಇಂಡಿ, ಮುದ್ದೇಬಿಹಾಳ, ಬಾಗೇವಾಡಿಯ ಹಾಳೆಗಳೂ ತಮ್ಮ ಕಪಾಟಿನಲ್ಲೇ ಇವೆ. ಅಲ್ಲಿ ಯಾವ ಬಾಗಿಲಿಗೆ ನಾನು ಏನು ಬಣ್ಣ ಬಳಿದಿದ್ದೇನೋ, ಯಾರು ಯಾವ ಹಂಗಾಮಿಗೆ ಎಲ್ಲಿ ಹೋಗಿದ್ದರೋ, ದೇವರೇ ಬಲ್ಲ.

ತಪ್ಪು ಮೊದಲು ನನ್ನದು. ಅದಕ್ಕೆ ಶಿಕ್ಷೆಯಾಗಿ ಪದವಿ ಹೋದರೆ ಹೋಗಲಿ, ಪ್ರಾಧ್ಯಾಪಕರಿಗೆ ಆ ಅಧ್ಯಾಯ ಹರಿದುಹಾಕಿರೆಂದು ನಿನ್ನೆಯೇ ಬರೆದು ಹಾಕಿದ್ದೇನೆ. ಅಪ್ಪ ಮಾತು ಬಿಟ್ಟಿದ್ದಾರೆ. ಆಡಿದ ಕೊನೆಯ ಮಾತು, “ಪದವಿನೂ ಹೋಗ್ತದ, ನೀನೂ ಹೋಗ್ತಿ.” ನನ್ನ ತಪ್ಪು ನನಗೆ ಡಿಸೆಂಬರಿನಲ್ಲಿ ಗೊತ್ತಿರಲಿಲ್ಲ. ತಮಗಾದರೋ ಮಾರ್ಚ್ ಎರಡರಿಂದಲೇ ಗೊತ್ತಿದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ನೋಟೀಸನ್ನು ಯುಗಾದಿಯ ತನಕ ತಡೆಹಿಡಿಯಿರಿ. ಆ ಜನ ಬಂದು ಬಾಗಿಲು ಒಡೆದ ಮೇಲೆ ಅವರ ಎದುರಿಗೇ ಮತ್ತೆ ಎಣಿಸಿರಿ. ನಾಲ್ಕೂ ಊರಿನ ನನ್ನ ಹಾಳೆಗಳನ್ನು ಹಿಂದಿರುಗಿಸಿರಿ.

ತಾವು ಒಪ್ಪುವುದಿಲ್ಲವೆಂದು ನನಗೆ ಗೊತ್ತು. ಹಾಗಿದ್ದರೆ ನಿಮ್ಮ ವಿಜ್ಞಾನದ ಪ್ರಕಾರವೇ ನಡೆಯಲಿ. ಹಿಂದಿನ ರಾತ್ರಿ ಒಬ್ಬರಾದರೂ ಮಲಗಿದ ಮನೆ ವಾಸದ ಮನೆ. ಹದಿನಾಲ್ಕನೇ ತಾರೀಖು ರಾತ್ರಿ ನಾನು ಹುಚ್ಚವ್ವನ ಮನೆಯ ಕಟ್ಟೆಯ ಮೇಲೆ ಮಲಗುತ್ತೇನೆ. ಒಬ್ಬನೇ ಮಲಗಲು ಹೆದರಿಕೆ, ಒಪ್ಪಿಕೊಳ್ಳುತ್ತೇನೆ. ಇದನ್ನು ಅವ್ವನಿಗೆ ಓದಿ ಹೇಳಿದಾಗ ಅವಳು “ಬಾಜೂಕಿನ ಮನಿ ಶೆಟ್ಟೆವ್ವಂದು. ನಾ ಅಲ್ಲಿ ಮಲಗತೀನಿ. ಮಡಿ ಗಿಡಿ ಆಮ್ಯಾಲೆ ನೋಡಕೊಳ್ಳೋಣು” ಎಂದಳು.

ಮೂವತ್ತೊಂದರಲ್ಲಿ ಎರಡು ಮನೆಗೆ ಜನ ಸಿಕ್ಕಂತಾಯಿತು. ಬಸ್ಸಿಗೆ ಕಾಯುತ್ತ ಈ ಕಂಬದ ಹತ್ತಿರ ನಿಂತು ಓದುತ್ತಿರುವವರೇ, ಇನ್ನೂ ಇಪ್ಪತ್ತೊಂಬತ್ತು ಕಟ್ಟೆಗಳು ಇವೆ. ಹಾಸಿಗೆ ನೀವೇ ತರಬೇಕು.

ಇಂತಿ,
ಯಾರ ಅಕ್ಷರವೆಂದು ತಾವು ಹುಡುಕಿಸುವ ತೊಂದರೆ ತೆಗೆದುಕೊಳ್ಳದಂತೆ ನಕಾಶೆಯ ಬಲಮೂಲೆಯಲ್ಲಿ ಮೊದಲೇ ಹೆಸರು ಬರೆದುಕೊಟ್ಟಿರುವ,
ವಿಠ್ಠಲ ಪಾಂಡುರಂಗ ಯಂಕಂಚಿ