ಖುದ್ದು ಹಾಜರಿ

ನನ್ನನ್ನು ಖುದ್ದಾಗಿ ಬರಹೇಳಿದ ವೈದ್ಯಕೀಯ ಅಧೀಕ್ಷಕರೇ,

ನಿಮ್ಮ ಕ್ಷೇಮ ವಿಚಾರಿಸುವಷ್ಟು ವ್ಯವಧಾನ ನನಗಿಲ್ಲ. ಹೋದ ವರ್ಷ ನಿಮ್ಮ ಆಸ್ಪತ್ರೆಯಲ್ಲಿ ನನ್ನ ಅಂಡಾಶಯದಿಂದ ತೆಗೆದ ಕ್ಯಾನ್ಸರ್ ಗಡ್ಡೆಯ ತುಣುಕೊಂದು ಕೆಡದಂತೆ ಮೇಣದಲ್ಲಿ ಹುದುಗಿ ನಿಮ್ಮ ಉಗ್ರಾಣದಲ್ಲಿದೆ. ಅದನ್ನು ಕೊಡಿ ಎಂದರೆ, ರೋಗಿಯೇ ಬಂದು ಸಹಿ ಹಾಕಬೇಕೆನ್ನುತ್ತೀರಿ. ಬನಶಂಕರಿಯ ಈ ಮನೆಯಲ್ಲಿ ನನಗೆ ಹಾಸಿಗೆಯಿಂದ ಬಚ್ಚಲಿಗೆ ಹೋಗುವುದೇ ಒಂದು ಯಾತ್ರೆಯಾಗಿದೆ.

ನಾನು ಜಯನಗರದ ಶಾಲೆಯೊಂದರಲ್ಲಿ ಜೀವಶಾಸ್ತ್ರ ಕಲಿಸಿದವಳು. ಜೀವಕೋಶ ಸುಮ್ಮಸುಮ್ಮನೆ ಬೆಳೆಯುವುದಿಲ್ಲ, ಹೊರಗಿನಿಂದ ಸಂಕೇತ ಬರಬೇಕು, ಒಂದು ಪ್ರೋಟೀನು ಇನ್ನೊಂದನ್ನು ಎಬ್ಬಿಸುತ್ತಾ ಆ ಸುದ್ದಿ ಕೋಶಕೇಂದ್ರ ಮುಟ್ಟಬೇಕು ಎಂದು ಬೋರ್ಡಿನ ಮೇಲೆ ಬಾಣ ಬರೆದು ತೋರಿಸುತ್ತಿದ್ದೆ. ಈಗ ನನ್ನ ಹೊಟ್ಟೆಯಲ್ಲಿ ಆ ಸರಪಳಿಯ ಯಾವುದೋ ಕೊಂಡಿ ಕೆಟ್ಟು, ಯಾರೂ ಹೇಳದಿದ್ದರೂ ‘ಬೆಳೆ, ಬೆಳೆ’ ಎನ್ನುತ್ತಿದೆ. ಅದಕ್ಕೆ ಭಾನುವಾರವಿಲ್ಲ, ಊಟದ ವಿರಾಮವಿಲ್ಲ, ಮೇಲಧಿಕಾರಿಯ ಸಹಿಯೂ ಬೇಕಿಲ್ಲ. ನಿಮ್ಮಲ್ಲಿ ಮಾತ್ರ ಒಂದು ಮಾತು ಕೆಳಗಿನ ಮಹಡಿಯಿಂದ ಮೇಲಿನದಕ್ಕೆ ಹತ್ತುವಷ್ಟರಲ್ಲಿ ಮಳೆಗಾಲ ಮುಗಿಯಿತು. ನೀವೂ ಈ ಕ್ಯಾನ್ಸರೂ ಕೆಲಸದ ವೇಗವನ್ನು ಅದಲುಬದಲು ಮಾಡಿಕೊಂಡಿದ್ದರೆ ನಾನು ಇನ್ನಷ್ಟು ವರ್ಷ ಬದುಕುತ್ತಿದ್ದೆನೇನೋ.

ಆ ತುಣುಕನ್ನು ಪರೀಕ್ಷಿಸಿದರೆ ಯಾವ ಕೊಂಡಿ ಕೆಟ್ಟಿದೆಯೆಂದು ತಿಳಿಯಬಹುದು, ಅದನ್ನು ತಡೆಯುವ ಮಾತ್ರೆ ಇದ್ದರೂ ಇರಬಹುದು ಎಂದರು ಈಗ ನನ್ನನ್ನು ನೋಡುತ್ತಿರುವ ಬೇರೆ ಆಸ್ಪತ್ರೆಯ ಡಾಕ್ಟರು. ಮತ್ತೆ ಚುಚ್ಚಿ ಹೊಸದನ್ನು ತೆಗೆಯಲು ಮೈಯಲ್ಲಿ ತ್ರಾಣವಿಲ್ಲ. ನಮ್ಮ ಯಜಮಾನರು ರಾಮಪ್ರಸಾದ ನಿಮ್ಮ ಕಿಟಕಿಯ ಮುಂದೆ ನಿಂತು ಬೇಡಿಕೊಂಡರು.

“ಪೇಷಂಟೇ ಬರ್ಬೇಕು ಸಾರ್, ರೂಲ್ಸು.”

“ಅವಳಿಗೆ ಎದ್ದು ಕೂರೋಕೂ ಆಗಲ್ಲಪ್ಪ.”

“ಹಂಗಾದ್ರೆ ಹುಷಾರಾದ್ಮೇಲೆ ಕರ್ಕೊಂಡ್ ಬನ್ನಿ.”

ಮನೆಗೆ ಬಂದು ಇದನ್ನು ಹೇಳುವಾಗ ಅವರು ನಕ್ಕರು. ಆಮೇಲೆ ಅಡುಗೆಮನೆಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತರು. ನೀರಿನ ಸದ್ದಿನ ಹಿಂದೆ ಅವರು ಅಳುವುದು ನನಗೆ ಕೇಳಿಸುತ್ತಿತ್ತು. ನೋವಿಗಿಂತ ಅದು ಹೆಚ್ಚು ಸಂಕಟ ಕೊಟ್ಟಿತು.

ವಾಸಿಯಾದೀತೆಂಬ ಆಸೆ ನನಗಿಲ್ಲ. ಒಂದು ದಾರಿ ಕಟ್ಟಿದರೆ ಈ ಕೋಶಗಳು ಇನ್ನೊಂದನ್ನು ಹುಡುಕಿಕೊಳ್ಳುತ್ತವೆ ಎಂಬುದನ್ನೂ ಓದಿದ್ದೇನೆ. ಪರೀಕ್ಷೆಯಾದ ಮೇಲೂ ‘ಇದಕ್ಕೆ ಮಾತ್ರೆಯಿಲ್ಲ’ ಎಂದೇ ಬರಬಹುದು. ಆದರೆ ಪರೀಕ್ಷೆ ಹೇಳಬೇಕಾದದ್ದನ್ನು ನಿಮ್ಮ ಕಿಟಕಿಯಲ್ಲಿ ಕೂತವರು ಮೊದಲೇ ತೀರ್ಮಾನಿಸಿದ್ದು ಯಾವ ಅಧಿಕಾರದಿಂದ?

ಆ ತುಣುಕನ್ನು ನಮ್ಮ ಯಜಮಾನರ ಕೈಗೆ ಕೊಡಿ. ರೋಗಿ ಖುದ್ದಾಗಿ ಹಾಜರಿರಬೇಕೆಂಬ ನಿಯಮವನ್ನು ಮುರಿಯಿರೆಂದು ಕೇಳುತ್ತಿಲ್ಲ. ಉಗ್ರಾಣದ ಬೀಗ ತೆಗೆದು ನೋಡಿ. ಹೋದ ವರ್ಷದಿಂದ ನಾನು ಅಲ್ಲೇ ಕಾಯುತ್ತಿದ್ದೇನೆ.

ಇಂತಿ,
ಸ್ವಲ್ಪ ನಿಮ್ಮಲ್ಲೂ, ಉಳಿದದ್ದು ಸದ್ಯಕ್ಕೆ ಬನಶಂಕರಿಯಲ್ಲೂ ಇರುವ
ಚೂಡಾಮಣಿ