ಅಳತೆ ಪುಸ್ತಕ

ಮಾರ್ಚ್ 11, 2023, ಶನಿವಾರ

ಹೆಂಡರ್ಸನ್ ಬಡಾವಣೆಯಲ್ಲಿ ನೆರೆ ನುಗ್ಗಿದ ಮನೆಗಳನ್ನು ಸ್ವಚ್ಛ ಮಾಡುತ್ತಿದ್ದೇವೆ; ಇದು ಮೂರನೆಯ ಮನೆ. ಕಾಲೇಜಿನ ಕಮ್ಯೂನಿಟಿ ಸರ್ವಿಸ್ ಕೋರ್ಸ್‌ಗೆ ಇನ್ನೂ ಇಪ್ಪತ್ತೆರಡು ಗಂಟೆಯ ಕೆಲಸ ಬಾಕಿ. ನೆರೆ ಇಳಿದು ಆರು ವಾರವಾದರೂ ಗ್ಯಾರೇಜುಗಳಲ್ಲಿ ಅದೇ ಕೊಳೆತ ವಾಸನೆ. ಈ ಸಲ ನಮ್ಮವರೇ — ಮೈಸೂರಿನ ಚಂಪಾ ಆಂಟಿ, ಗುರುರಾಜ್ ಅಂಕಲ್. ಇಲ್ಲಿನ ಕನ್ನಡದ ಹೆಂಗಸರಿಗೆಲ್ಲ ಆಂಟಿಯೇ ರವಿಕೆ ಹೊಲಿಯುವುದು.

ನಾನೂ ಕ್ಲಾಸ್‌ಮೇಟ್ ಲೋಹಿತನೂ ಗ್ಯಾರೇಜ್ ಖಾಲಿ ಮಾಡಿದೆವು. ನೆನೆದದ್ದೆಲ್ಲ ಹೊರಗಿನ ಸ್ಕಿಪ್‌ಗೆ, ಲಾರಿ ಬಂದು ಎತ್ತಿಕೊಂಡು ಹೋಗುವ ಕಸದ ದೊಡ್ಡ ತೊಟ್ಟಿಗೆ. ಬೂಷ್ಟು ಹಿಡಿದ ಒಂದು ದಪ್ಪ ನೋಟ್‌ಬುಕ್ಕನ್ನೂ ಎಸೆದೆ. ಪುಟಗಳು ಅಂಟಿಕೊಂಡಿದ್ದವು. ಬಿಡಿಸಿ ನೋಡಲಿಲ್ಲ.

ಮಾರ್ಚ್ 18

ಆಂಟಿ ಬೆಳಗ್ಗಿನಿಂದ ಹುಡುಕುತ್ತಿದ್ದಾರೆ. ಹತ್ತೊಂಬತ್ತು ವರ್ಷದಿಂದ ಎಲ್ಲರ ರವಿಕೆಯ ಅಳತೆ ಬರೆದಿಟ್ಟ ಪುಸ್ತಕ. ಒಣಗಲೆಂದು ಗ್ಯಾರೇಜಿನ ಕಿಟಕಿಯಲ್ಲಿ ಇಟ್ಟಿದ್ದರಂತೆ.

"ರೀ, ನೀವೇ ಎಲ್ಲೋ ಬಿಸಾಕಿದೀರ. ಮೊನ್ನೆ ಕಾರ್ ಸ್ಟಾರ್ಟ್ ಮಾಡಿಟ್ಟೇ ಒಳಗ್ ಬಂದಿದ್ರಲ್ಲ."

ಅಂಕಲ್ ನೆಲ ನೋಡಿದರು. "ಇರಬಹುದು ಕಣೇ. ಈಚೆಗೆ ನಂಗೆ ಒಂದೂ ನೆನಪಿರಲ್ಲ."

ಆಗಲೇ ಹೇಳಬೇಕಿತ್ತು. ಗೋಡೆ ಉಜ್ಜುತ್ತಲೇ ಇದ್ದೆ.

ಬಸ್ಸಿನಲ್ಲಿ ಲೋಹಿತನಿಗೆ ಹೇಳಿದೆ. ಅವನೆಂದ, "ಸ್ಕಿಪ್ ತಗೊಂಡ್ ಹೋಗಾಯ್ತು. ಈಗ ಹೇಳಿ ಏನ್ಮಾಡ್ತೀಯಾ? ಸುಮ್ನಿರು ಭಾರ್ಗವಿ."

ಮಾರ್ಚ್ 25

ಹೋಗಲಿಲ್ಲ. ಜ್ವರ ಅಂತ ಮೆಸೇಜ್ ಹಾಕಿದೆ. ಜ್ವರವಿಲ್ಲ.

ಏಪ್ರಿಲ್ 22

ರಿಪೋರ್ಟ್‌ಗೆ ಎ ಪ್ಲಸ್. "ಸಂತ್ರಸ್ತರ ಮಾತು ಕೇಳಿಸಿಕೊಳ್ಳುವುದನ್ನು ಕಲಿತೆ" ಎಂದು ಬರೆದಿದ್ದೆ. ಟ್ಯೂಟರ್ ಆ ಸಾಲಿನ ಪಕ್ಕ ಟಿಕ್ ಹಾಕಿದ್ದಾರೆ.

ಲೋಹಿತ್ ಇನ್ನೊಂದು ಸುದ್ದಿ ತಂದ. ಪುಸ್ತಕ ಕಳೆದ ಮೇಲೆ ಆಂಟಿ ಅಂಕಲ್‌ರನ್ನು ಮೆಮೊರಿ ಟೆಸ್ಟ್‌ಗೆ ಕರೆದುಕೊಂಡು ಹೋದರಂತೆ. ಈಗ ಕಾರಿನ ಕೀ ಕೊಡುವುದಿಲ್ಲ. ಒಲೆಯ ಹತ್ತಿರವೂ ಬಿಡುವುದಿಲ್ಲ.



ಏಪ್ರಿಲ್ 23, ಭಾನುವಾರ, ಸಂಜೆ 6

ಒಬ್ಬಳೇ ಹೋದೆ. ಆಂಟಿ ಬಾಗಿಲು ತೆರೆದರು. ನಿಂತಲ್ಲೇ ಹೇಳಿಬಿಟ್ಟೆ.

ಬೈಯಲಿಲ್ಲ. ಬಾಗಿಲನ್ನು ಪೂರ್ತಿ ತೆರೆದರು. "ನಂಗಲ್ಲ... ಒಳಗ್ ಬಾ, ಅವರಿಗೆ ಹೇಳು."

ಅಂಕಲ್ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು, ಮನೆಯಲ್ಲಿ ಏನನ್ನೂ ಮುಟ್ಟಬಾರದು ಎಂಬಂತೆ. ಪಕ್ಕದಲ್ಲಿ ನೆಲದ ಮೇಲೆ ಕೂತೆ. ಪುಸ್ತಕ ಎಸೆದದ್ದು ನೀವಲ್ಲ, ನಾನು ಎಂದೆ.

ನಕ್ಕರು. ನನ್ನ ತಲೆ ಸವರಿದರು.

"ನನಗೋಸ್ಕರ ಸುಳ್ಳು ಹೇಳ್ಬೇಡಮ್ಮ. ನಾನೇ ಎಸೆದಿದ್ದು. ಈ ಕೈಯಲ್ಲೇ ಸ್ಕಿಪ್‌ಗೆ ಹಾಕ್ದೆ. ಅದೊಂದು ಚೆನ್ನಾಗ್ ನೆನಪಿದೆ."

ಆಂಟಿ ಮುಖ ತಿರುಗಿಸಿ ಅಡುಗೆಮನೆಗೆ ಹೋದರು.

ಮತ್ತೆ ಹೇಳಿದೆ. ಮತ್ತೆ ನಕ್ಕರು. ಮೂರನೆಯ ಸಲ ಹೇಳಹೊರಟಾಗ ನನ್ನ ಕೈ ಹಿಡಿದುಕೊಂಡು, "ನೀನು ಯಾರ ಮನೆ ಮಗು?" ಎಂದು ಕೇಳಿದರು. ನಿಮ್ಮ ಗ್ಯಾರೇಜ್ ಖಾಲಿ ಮಾಡಿದ ಭಾರ್ಗವಿ ಅಂಕಲ್, ಪುಸ್ತಕ ಎಸೆದವಳು, ಎಂದೆ.